ನಾಯಿ ನಮ್ಮ ಮನಸ್ಸನ್ನು ಹೇಗೆ ಅರಿಯುತ್ತದೆ?

ನಾಯಿ ಸಾಕಿದ ಮನೆಯವರೆಲ್ಲ ಸಾಮಾನ್ಯವಾಗಿ ಹೇಳುವ ಮಾತೊಂದಿದೆ. “ನಮ್ಮ ನಾಯಿಗೆ ಎಲ್ಲ ಗೊತ್ತಾಗುತ್ತೆ, ಮಾತೊಂದು ಬರಲ್ಲ ಅಷ್ಟೇ.” ಮನೆಯಲ್ಲಿ ಜಗಳವಾದರೆ ಅದು ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಯಾರಾದರೂ ಅತ್ತರೆ ಹತ್ತಿರ ಬಂದು ತೊಡೆಯ ಮೇಲೆ ಗದ್ದ ಇಡುತ್ತದೆ. ಪರೀಕ್ಷೆಯ ದಿನ ಮಕ್ಕಳ ಹಿಂದೆ ಮುಂದೆ ಸುತ್ತುತ್ತದೆ. ನಾಯಿ ಸಾಕದವರು ಇದನ್ನು ಕೇಳಿ ನಗುತ್ತಾರೆ. ಪ್ರೀತಿಯಿಂದ ಹೇಳುವ ಮಾತು ಎಂದು ಬಿಟ್ಟುಬಿಡುತ್ತಾರೆ.

ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹಲವು ದೇಶಗಳ ವಿಜ್ಞಾನಿಗಳು ಈ ವಿಷಯವನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಅದರಿಂದ ತಿಳಿದದ್ದೇನೆಂದರೆ, ಮನೆಯವರ ಮಾತಿನಲ್ಲಿ ಒಂದು ಭಾಗ ಅವರು ಎಣಿಸಿದ್ದಕ್ಕಿಂತಲೂ ಹೆಚ್ಚು ನಿಜ, ಇನ್ನೊಂದು ಭಾಗ ತಪ್ಪು. ನಮಗೆ ಸಿಟ್ಟು ಬಂದಿದೆ, ಭಯವಾಗಿದೆ, ದುಃಖವಾಗಿದೆ ಎಂಬುದು ನಾಯಿಗೆ ತಿಳಿಯುತ್ತದೆ. ಯಾಕೆ ಬಂದಿದೆ ಎಂಬುದು ತಿಳಿಯುವುದಿಲ್ಲ. ಈ ಅಂತರವನ್ನು ಗಮನಿಸದೆ ಇರುವುದರಿಂದ ಎಷ್ಟೋ ಮನೆಗಳಲ್ಲಿ ನಾಯಿಗಳು ಸುಮ್ಮನೆ ಪೆಟ್ಟು ತಿನ್ನುತ್ತವೆ, ಮಕ್ಕಳು ಕಚ್ಚಿಸಿಕೊಳ್ಳುತ್ತಾರೆ.

ಹಿಂದೆ ತೋಟದ ಮನೆ, ಹೊಲದ ಮನೆಗಳಲ್ಲಿ ನಾಯಿ ಅಂಗಳದಲ್ಲಿ ಇರುತ್ತಿತ್ತು. ಮನೆಯವರ ಸಿಟ್ಟು ಸೆಡವು ಅದರ ತನಕ ಅಷ್ಟಾಗಿ ಹೋಗುತ್ತಿರಲಿಲ್ಲ. ಬೇಡವೆನಿಸಿದರೆ ಎದ್ದು ಅಡಿಕೆ ಮರದ ಬುಡಕ್ಕೆ ಹೋಗಿ ಮಲಗುತ್ತಿತ್ತು. ಈಗ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮನುಷ್ಯರ ಜೊತೆಗೇ ಇಪ್ಪತ್ತನಾಲ್ಕು ಗಂಟೆ ಇರುತ್ತದೆ. ಎದ್ದು ಹೋಗಲು ಅದಕ್ಕೆ ಜಾಗವಿಲ್ಲ. ಆದ್ದರಿಂದ ಈ ವಿಷಯ ಹಿಂದಿಗಿಂತ ಈಗ ಹೆಚ್ಚು ಮುಖ್ಯವಾಗಿದೆ.

ನಾಯಿಯ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಬರುವುದು ಮೂಗು. ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ ಐವತ್ತು ಅರವತ್ತು ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಮೂವತ್ತು ಕೋಟಿ ಇರುತ್ತವೆ ಎಂದು ಲೆಕ್ಕ ಹೇಳುತ್ತಾರೆ. ತಳಿಯಿಂದ ತಳಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. ಮನುಷ್ಯನಿಗೆ ಗಾಬರಿಯಾದಾಗ, ಒತ್ತಡ ಬಂದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಏರುತ್ತವೆ. ಎದೆಬಡಿತ ಜೋರಾಗುತ್ತದೆ, ಉಸಿರು ಬದಲಾಗುತ್ತದೆ, ಬೆವರು ಬರುತ್ತದೆ. ಉಸಿರಿನಲ್ಲಿ, ಬೆವರಿನಲ್ಲಿ ಹೊರಬರುವ ಪದಾರ್ಥಗಳೂ ಬದಲಾಗುತ್ತವೆ. ಪಕ್ಕದಲ್ಲಿ ಕುಳಿತ ಮನುಷ್ಯನಿಗೆ ಇದು ತಿಳಿಯದು. ನಾಯಿಗೆ ತಿಳಿಯುತ್ತದೆಯೇ?

ಇದನ್ನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಮೊದಲು ಒಬ್ಬ ವ್ಯಕ್ತಿ ಆರಾಮವಾಗಿ ಇರುವಾಗ ಅವರ ಉಸಿರು ಮತ್ತು ಬೆವರನ್ನು ಗಾಜ್ ಬಟ್ಟೆಯ ಮೇಲೆ ಹಿಡಿದಿಟ್ಟರು. ಆಮೇಲೆ ಅವರಿಗೆ ಒಂದು ಲೆಕ್ಕ ಕೊಟ್ಟರು: ಒಂಬತ್ತು ಸಾವಿರದಿಂದ ಹದಿನೇಳು ಹದಿನೇಳು ಕಳೆಯುತ್ತಾ ಹಿಂದಕ್ಕೆ ಬರಬೇಕು, ಅದೂ ಪರೀಕ್ಷಕರ ಮುಂದೆ, ಗಟ್ಟಿಯಾಗಿ ಹೇಳುತ್ತಾ. ಅಂಗಡಿಯ ಗಲ್ಲೆಯಲ್ಲಿ ಕುಳಿತು ಬಾಯಿಲೆಕ್ಕ ಮಾಡಿದ ಹಳಬರಿಗೂ ಇದು ಸುಲಭವಲ್ಲ. ಲೆಕ್ಕ ಮುಗಿದ ಕೂಡಲೇ ಮತ್ತೆ ಬಟ್ಟೆಯ ಮೇಲೆ ಉಸಿರು, ಬೆವರು ಹಿಡಿದರು. ಎದೆಬಡಿತ ಮತ್ತು ರಕ್ತದೊತ್ತಡ ನಿಜವಾಗಿ ಏರಿದ 36 ಜನರ ಮಾದರಿಗಳನ್ನು ಮಾತ್ರ ಪ್ರಯೋಗಕ್ಕೆ ಬಳಸಿದರು. ತರಬೇತಿ ಪಡೆದ ನಾಲ್ಕು ನಾಯಿಗಳ ಮುಂದೆ ಮೂರು ಬಟ್ಟೆ ಇಟ್ಟರು. ಒಂದು ಒತ್ತಡದ್ದು, ಒಂದು ಅದೇ ವ್ಯಕ್ತಿ ಆರಾಮವಾಗಿದ್ದಾಗಿನದು, ಇನ್ನೊಂದು ಬರೀ ಬಟ್ಟೆ. 720 ಸಲ ಇಟ್ಟಾಗ 675 ಸಲ ನಾಯಿಗಳು ಒತ್ತಡದ ಬಟ್ಟೆಯನ್ನೇ ಸರಿಯಾಗಿ ತೋರಿಸಿದವು. ನೂರಕ್ಕೆ ತೊಂಬತ್ತಮೂರಕ್ಕಿಂತ ಹೆಚ್ಚು. ಆ ಜನರನ್ನು ಈ ನಾಯಿಗಳು ಕಂಡೇ ಇರಲಿಲ್ಲ. ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ; ವಾಸನೆಯೊಂದೇ ಸಾಕಾಯಿತು.

ವಾಸನೆ ಗುರುತಿಸಿದ ಮಾತ್ರಕ್ಕೆ ನಾಯಿಯ ಮೇಲೆ ಅದರ ಪರಿಣಾಮ ಆಗಬೇಕೆಂದೇನೂ ಇಲ್ಲ. ಇಟಲಿಯ ನೇಪಲ್ಸ್‌ನ ಸಂಶೋಧಕರು ಆ ಭಾಗವನ್ನು ನೋಡಿದರು. ಹೆದರಿಕೆಯ ಚಿತ್ರ ನೋಡಿದವರ ಬೆವರು ಮತ್ತು ಸಂತೋಷದ ಚಿತ್ರ ನೋಡಿದವರ ಬೆವರನ್ನು ಬೇರೆ ಬೇರೆಯಾಗಿ ಸಂಗ್ರಹಿಸಿ, ನಾಯಿ, ಅದರ ಯಜಮಾನ ಮತ್ತು ಒಬ್ಬ ಅಪರಿಚಿತ ಇರುವ ಕೋಣೆಯಲ್ಲಿ ಆ ವಾಸನೆ ಹರಡುವಂತೆ ಮಾಡಿದರು. ಹೆದರಿಕೆಯ ಬೆವರಿನ ವಾಸನೆ ಇದ್ದಾಗ ನಾಯಿಗಳ ಎದೆಬಡಿತ ಏರಿತು, ಅವು ಯಜಮಾನನ ಕಡೆಗೇ ಹೋಗಿ ನಿಂತವು. ಸಂತೋಷದ ಬೆವರಿದ್ದಾಗ ಅಪರಿಚಿತನ ಬಳಿಗೂ ಧೈರ್ಯವಾಗಿ ಹೋದವು. ಅಂದರೆ ಮನುಷ್ಯನ ಭಯ ನಾಯಿಗೆ ಬರೀ ಗೊತ್ತಾಗುವುದಲ್ಲ, ಸ್ವಲ್ಪ ಮಟ್ಟಿಗೆ ಅಂಟಿಕೊಳ್ಳುತ್ತದೆ.

ಪಶುವೈದ್ಯರ ಬಳಿಗೆ ನಾಯಿಯನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬಹುದು. ಇಂಜೆಕ್ಷನ್ ನಾಯಿಗೆ. ಬೆವರುವುದು ಮಾತ್ರ ಎಷ್ಟೋ ಸಲ ಕರೆದೊಯ್ದವರು. ಆಗ ಬಾಯಲ್ಲಿ ಎಷ್ಟೇ “ಏನಾಗಲ್ಲ, ಏನಾಗಲ್ಲ” ಎಂದರೂ ನಾಯಿಯ ಮೂಗಿಗೆ ಬೇರೆಯೇ ಸುದ್ದಿ ಹೋಗಿರುತ್ತದೆ. ಮನೆಯಲ್ಲಿ ಧೈರ್ಯ ಇರುವವರೊಬ್ಬರು ಹೋಗುವುದು ಒಳ್ಳೆಯದು.

ಧ್ವನಿ ಮತ್ತು ಮುಖ

ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಅಟ್ಟಿಲಾ ಆಂಡಿಚ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಲು ಕಲಿಸಿದ್ದಾರೆ. ಕಟ್ಟಿಹಾಕುವುದಿಲ್ಲ, ಮದ್ದು ಕೊಡುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ನಾಯಿ ಬೇಡವೆಂದರೆ ಎದ್ದು ಬರಬಹುದು ಎಂಬ ಏರ್ಪಾಡಿನಲ್ಲಿಯೇ ನಡೆಸುತ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗ ಎಂದರೆ ಹಿಂಸೆಯೇ ಎಂದು ತಿಳಿದವರು ಇದನ್ನು ಗಮನಿಸಬೇಕು. ಇದಕ್ಕೂ ಮೊದಲು 2012ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ತಮ್ಮ ಸ್ವಂತ ನಾಯಿಗೆ ಹೀಗೆಯೇ ತರಬೇತಿ ಕೊಟ್ಟು, ಎಚ್ಚರವಾಗಿರುವ ನಾಯಿಯ ಮಿದುಳನ್ನು ನೋಡುವ ದಾರಿ ತೋರಿಸಿದ್ದರು.

ಬುಡಾಪೆಸ್ಟ್ ತಂಡದವರು 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ 11 ನಾಯಿಗಳಿಗೂ ಕೆಲವು ಮನುಷ್ಯರಿಗೂ ಒಂದೇ ಬಗೆಯ ಶಬ್ದಗಳನ್ನು ಕೇಳಿಸಿದರು: ಮನುಷ್ಯರ ಅಳು, ನಗು, ನಾಯಿಗಳ ಕುಂಯ್‌ಗುಟ್ಟುವಿಕೆ, ಬೊಗಳು. ಧ್ವನಿಯನ್ನು ಗುರುತಿಸುವ ಭಾಗ ನಾಯಿಯ ಮಿದುಳಿನಲ್ಲೂ ಇದೆ, ಮನುಷ್ಯನಲ್ಲಿ ಇರುವ ಜಾಗಕ್ಕೆ ಹೊಂದುವ ಜಾಗದಲ್ಲೇ ಇದೆ ಎಂದು ಕಂಡಿತು. ಧ್ವನಿಯಲ್ಲಿ ದುಃಖವಿದೆಯೋ ಸಂತೋಷವಿದೆಯೋ ಎಂಬುದಕ್ಕೆ ಎರಡೂ ಮಿದುಳುಗಳು ಒಂದೇ ರೀತಿ ಸ್ಪಂದಿಸಿದವು.

2016ರಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಿಕೊಂಡರು. ನಾಯಿ ಕೇಳುವುದು ಮಾತನ್ನೋ, ದನಿಯನ್ನೋ? 13 ನಾಯಿಗಳಿಗೆ ಹೊಗಳುವ ಮಾತನ್ನು ಹೊಗಳುವ ದನಿಯಲ್ಲಿ, ಹೊಗಳುವ ಮಾತನ್ನು ಸಪ್ಪೆ ದನಿಯಲ್ಲಿ, ಅರ್ಥವಿಲ್ಲದ ಮಾತನ್ನು ಹೊಗಳುವ ದನಿಯಲ್ಲಿ, ಕೊನೆಗೆ ಅರ್ಥವಿಲ್ಲದ ಮಾತನ್ನು ಸಪ್ಪೆ ದನಿಯಲ್ಲಿ ಹೇಳಿ ಕೇಳಿಸಿದರು. ಕನ್ನಡದಲ್ಲಿ ಹೇಳುವುದಾದರೆ “ಜಾಣ, ಶಹಬ್ಬಾಸ್” ಎನ್ನುವುದಕ್ಕೂ “ಆದ್ದರಿಂದ” ಎನ್ನುವುದಕ್ಕೂ ಇರುವ ವ್ಯತ್ಯಾಸ. ಸಂತೋಷ ಪಡುವ ಮಿದುಳಿನ ಭಾಗ ಚುರುಕಾದದ್ದು ಮಾತು, ದನಿ ಎರಡೂ ಹೊಗಳಿಕೆಯಾಗಿದ್ದಾಗ ಮಾತ್ರ. ಮೊಬೈಲ್ ನೋಡುತ್ತಾ ಸಪ್ಪೆಯಾಗಿ “ಜಾಣ” ಎಂದರೆ ನಾಯಿಗೆ ಅದು ಹೊಗಳಿಕೆ ಆಗುವುದಿಲ್ಲ. ಮಕ್ಕಳಿಗೂ ಆಗುವುದಿಲ್ಲ ಎನ್ನಬಹುದು.

ಅದೇ ನಗರದಿಂದ 2022ರಲ್ಲಿ ಬಂದ ಇನ್ನೊಂದು ವರದಿ, ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ಕುಟುಂಬಗಳಿಗೆ ಆಸಕ್ತಿಯದು. ಮೆಕ್ಸಿಕೊದಿಂದ ತನ್ನ ನಾಯಿಯ ಜೊತೆಗೆ ಹಂಗೇರಿಗೆ ಬಂದ ಸಂಶೋಧಕಿ ಲಾರಾ ಕ್ವಾಯಾ ಅವರಿಗೆ, ಇಲ್ಲಿನ ಜನ ಬೇರೆ ಭಾಷೆ ಆಡುವುದು ನಾಯಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಹುಟ್ಟಿತು. 18 ನಾಯಿಗಳ ಮೇಲೆ ನೋಡಿದಾಗ, ಕೇಳಿ ಗೊತ್ತಿರುವ ಭಾಷೆಗೂ ಗೊತ್ತಿಲ್ಲದ ಭಾಷೆಗೂ ಅವುಗಳ ಮಿದುಳು ಬೇರೆ ಬೇರೆ ರೀತಿ ಸ್ಪಂದಿಸಿತು. ತುಳು, ಮರಾಠಿ, ಗುಜರಾತಿ, ಮಾರವಾಡಿ ಮನೆಮಾತಿನ ನಮ್ಮ ಕುಟುಂಬಗಳ ನಾಯಿಗಳಿಗೆ ಹೊರಗಿನವರು ಕನ್ನಡದಲ್ಲಿ ಕರೆದಾಗ ಸ್ವಲ್ಪ ಹೊತ್ತು ತಡವಾದರೆ ಅದನ್ನು ದಡ್ಡ ಎನ್ನಬೇಕಾಗಿಲ್ಲ.

ಇನ್ನು ಮುಖ. ನಾಯಿಗೆ ಕೆಂಪು ಹಸಿರು ಬೇರೆ ಬೇರೆ ಕಾಣುವುದಿಲ್ಲ. ಹಳದಿ, ನೀಲಿ ಕಾಣುತ್ತದೆ. ದೃಷ್ಟಿಯ ಚೊಕ್ಕತನವೂ ನಮ್ಮಷ್ಟಿಲ್ಲ. ಆದರೂ ಮುಖ ಓದುವುದರಲ್ಲಿ ಅದು ಹಿಂದೆ ಬಿದ್ದಿಲ್ಲ. ವಿಯೆನ್ನಾದಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಯಿಗಳಿಗೆ ನಗುವ ಮುಖ, ಸಿಟ್ಟಿನ ಮುಖಗಳ ಚಿತ್ರವನ್ನು ಅರ್ಧ ಮಾತ್ರ ತೋರಿಸಿದರು. ಬರೀ ಕಣ್ಣಿನ ಭಾಗ, ಇಲ್ಲವೇ ಬರೀ ಬಾಯಿಯ ಭಾಗ. ಬಾಯಿಯ ಭಾಗದಲ್ಲಿ ಕಲಿತ ನಾಯಿಗಳು ಆಮೇಲೆ ಕಣ್ಣಿನ ಭಾಗ ತೋರಿಸಿದಾಗಲೂ, ಎಂದೂ ನೋಡದ ಹೊಸ ಮುಖಗಳಲ್ಲೂ ನಗು ಯಾವುದು ಸಿಟ್ಟು ಯಾವುದು ಎಂದು ಗುರುತಿಸಿದವು. ಹಲ್ಲು ಕಾಣುವುದನ್ನು ನೋಡಿ ಹೇಳಿದ್ದಲ್ಲ ಎಂದಾಯಿತು. ಇನ್ನೊಂದು ಸಂಗತಿ: ಸಿಟ್ಟಿನ ಮುಖ ಮುಟ್ಟಿದರೆ ತಿಂಡಿ ಎಂದು ಕಲಿಸಿದ ನಾಯಿಗಳು, ನಗುವ ಮುಖ ಮುಟ್ಟಿದರೆ ತಿಂಡಿ ಎಂದು ಕಲಿಸಿದ ನಾಯಿಗಳಿಗಿಂತ ನಿಧಾನವಾಗಿ ಕಲಿತವು. ತಿಂಡಿ ಸಿಗುತ್ತದೆ ಎಂದರೂ ಸಿಟ್ಟಿನ ಮುಖದ ಹತ್ತಿರ ಹೋಗಲು ಅವುಗಳಿಗೆ ಹಿಂಜರಿಕೆ.

ಮರುವರ್ಷ ಇಂಗ್ಲೆಂಡಿನ ಲಿಂಕನ್ ಮತ್ತು ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದವರು ಸೇರಿ ಮುಖ, ಧ್ವನಿ ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರು. ಎರಡು ಮುಖಗಳನ್ನು ತೋರಿಸುತ್ತಾ ಒಂದು ಧ್ವನಿ ಕೇಳಿಸಿದರೆ, 17 ನಾಯಿಗಳು ಆ ಧ್ವನಿಯ ಭಾವಕ್ಕೆ ಹೊಂದುವ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ಇದಕ್ಕಾಗಿ ಅವುಗಳಿಗೆ ಯಾವ ತರಬೇತಿಯನ್ನೂ ಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಕುಳಿತವರು ಗಿರಾಕಿ ಬಾಗಿಲಲ್ಲಿ ಕಾಲಿಟ್ಟಾಗಲೇ ಇವರು ಕೊಳ್ಳಲು ಬಂದವರೋ ಬೆಲೆ ಕೇಳಿ ಹೋಗುವವರೋ ಎಂದು ಅಂದಾಜು ಮಾಡುತ್ತಾರಲ್ಲ, ನಾಯಿಯ ಇಡೀ ಬದುಕು ಅದೇ ವ್ಯಾಪಾರ. ಅನ್ನ, ನೀರು, ಜಾಗ ಎಲ್ಲವೂ ಮನುಷ್ಯನ ಕೈಯಲ್ಲಿ ಇರುವಾಗ ಮನುಷ್ಯನ ಮುಖ ಓದದೆ ಅದಕ್ಕೆ ಬೇರೆ ದಾರಿಯಿಲ್ಲ.

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ತಿಳಿಸಿದ ಸಂಗತಿಯೂ ಇದಕ್ಕೆ ಸೇರುತ್ತದೆ. ನಾಯಿ ಮತ್ತು ಯಜಮಾನ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಏರಿತು. ತಾಯಿ ಮಗುವಿನ ನಡುವೆ ಬಾಂಧವ್ಯ ಬೆಳೆಸುವ ರಸವೇ ಇದು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳಲ್ಲಿ ಇದು ಕಾಣಲಿಲ್ಲ.

ಅಳುವವರ ಹತ್ತಿರ ನಾಯಿ ಬರುವುದು ಕರುಣೆಯಿಂದಲೋ ಕುತೂಹಲದಿಂದಲೋ? ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ 2012ರಲ್ಲಿ ಇದನ್ನು 18 ನಾಯಿಗಳ ಮನೆಗೇ ಹೋಗಿ ನೋಡಿದರು. ಒಬ್ಬರು ಮಾತಾಡುವುದು, ಒಂದು ವಿಚಿತ್ರ ರಾಗ ಗುನುಗುವುದು, ಅಳುವಂತೆ ನಟಿಸುವುದು ಮಾಡಿದರು. ಕುತೂಹಲ ಮಾತ್ರವಾಗಿದ್ದರೆ ಗುನುಗಿದಾಗಲೂ ನಾಯಿ ಅಷ್ಟೇ ಬರಬೇಕು. ಹಾಗಾಗಲಿಲ್ಲ. ಅಳುವಾಗ 18ರಲ್ಲಿ 15 ನಾಯಿಗಳು ಹತ್ತಿರ ಹೋದವು, ಹೆಚ್ಚಿನವು ತಗ್ಗಿ, ಮೆತ್ತಗೆ ಹೋದವು. ಅತ್ತದ್ದು ಅಪರಿಚಿತರಾಗಿದ್ದರೂ ತಮ್ಮ ಯಜಮಾನನ ಕಡೆಗೆ ಹೋಗದೆ ಅಳುವವರ ಕಡೆಗೇ ಹೋದವು. 2018ರಲ್ಲಿ ಅಮೆರಿಕದಲ್ಲಿ 34 ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ ಯಜಮಾನ ಒಂದು ಬಾಗಿಲ ಆಚೆ ಕುಳಿತು ಅಳಬೇಕು ಅಥವಾ ಗುನುಗಬೇಕಿತ್ತು. ಬಾಗಿಲು ತಳ್ಳಿದ ನಾಯಿಗಳ ಸಂಖ್ಯೆಯಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ, ಆದರೆ ಅಳು ಕೇಳಿ ತಳ್ಳಿದವು ಬಹಳ ಬೇಗ ತಳ್ಳಿದವು. ಅಳು ಕೇಳಿಯೂ ಬಾಗಿಲು ತಳ್ಳದೆ ನಿಂತ ನಾಯಿಗಳು ಮನಸ್ಸಿಲ್ಲದೆ ನಿಂತದ್ದಲ್ಲ. ಅವುಗಳಲ್ಲಿ ಒತ್ತಡದ ಲಕ್ಷಣಗಳು ಇನ್ನೂ ಹೆಚ್ಚಿದ್ದವು. ಗಾಬರಿಯಾಗಿ ಏನು ಮಾಡಬೇಕೆಂದು ತೋಚದೆ ನಿಂತಿದ್ದವು. ಮನುಷ್ಯರಲ್ಲೂ ಅಂಥವರು ಇದ್ದಾರೆ. ಸಾವಿನ ಮನೆಗೆ ಬಂದು ಮಾತು ಹೊರಡದೆ ಮೂಲೆಯಲ್ಲಿ ನಿಲ್ಲುವವರನ್ನು ಯಾರೂ ಕಲ್ಲು ಮನಸ್ಸಿನವರು ಎನ್ನುವುದಿಲ್ಲ.

ತಪ್ಪು ಮಾಡಿದ ಮುಖ

ಇಲ್ಲಿಯವರೆಗಿನದು ನಾಯಿಯ ಶಕ್ತಿ. ಅದರ ಮಿತಿ ಕಾಣುವುದು ಇಲ್ಲಿ.

ಹಗಲೆಲ್ಲ ಮನೆಯಲ್ಲಿ ಒಂಟಿಯಾಗಿದ್ದ ನಾಯಿ ಚಪ್ಪಲಿ ಕಡಿದು ಹಾಕಿರುತ್ತದೆ. ಸಂಜೆ ಮನೆಯವರು ಬಾಗಿಲು ತೆಗೆದ ಕೂಡಲೇ ಕಿವಿ ಹಿಂದಕ್ಕೆ ಮಡಚಿ, ತಲೆ ತಗ್ಗಿಸಿ, ಬಾಲ ಮುದುರಿ, ಓರೆಗಣ್ಣಿನಲ್ಲಿ ನೋಡುತ್ತದೆ. “ನೋಡಿ, ಮಾಡಿದ ತಪ್ಪು ಅದಕ್ಕೇ ಗೊತ್ತು” ಎಂದು ಎಲ್ಲರೂ ಹೇಳುತ್ತಾರೆ. ಗೊತ್ತಿದ್ದೂ ಮಾಡಿದೆ ಎಂದು ಸಿಟ್ಟು ಇನ್ನೂ ಏರುತ್ತದೆ. ಎರಡು ಏಟು ಬೀಳುತ್ತದೆ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಈ ನಂಬಿಕೆಯನ್ನು ಒರೆಗೆ ಹಚ್ಚಿದರು. 14 ನಾಯಿಗಳು. ಯಜಮಾನ ತಿಂಡಿ ಇಟ್ಟು “ತಿನ್ನಬೇಡ” ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ಒಳಗೆ ಕೆಲವು ಸಲ ನಾಯಿ ತಿಂಡಿ ತಿಂದಿರುತ್ತಿತ್ತು, ಕೆಲವು ಸಲ ತಿಂದಿರುತ್ತಿರಲಿಲ್ಲ. ಹಿಂತಿರುಗಿದ ಯಜಮಾನನಿಗೆ ನಾಯಿ ತಿಂದಿತೋ ಇಲ್ಲವೋ ಎಂದು ಸಂಶೋಧಕರು ಹೇಳುತ್ತಿದ್ದರು. ಕೆಲವು ಸಲ ನಿಜ, ಕೆಲವು ಸಲ ಬೇಕೆಂದೇ ಸುಳ್ಳು. ತಿಂದಿದೆ ಎಂದು ಕೇಳಿದವರು ನಾಯಿಯನ್ನು ಗದರಿಸಬೇಕಿತ್ತು. ಎಲ್ಲವನ್ನೂ ವಿಡಿಯೊ ಮಾಡಿ ನೋಡಿದಾಗ, ಆ ‘ತಪ್ಪು ಮಾಡಿದ ಮುಖ’ಕ್ಕೂ ನಾಯಿ ತಪ್ಪು ಮಾಡಿದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಗದರಿಸಿದಾಗ ಆ ಮುಖ ಬಂತು. ಗದರಿಸದಿದ್ದರೆ ತಿಂದ ನಾಯಿಗೂ ಅಷ್ಟಾಗಿ ಬರಲಿಲ್ಲ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳ ಮುಖದಲ್ಲಿ ಅದು ಎಲ್ಲಕ್ಕಿಂತ ಹೆಚ್ಚಾಗಿ ಕಂಡಿತು.

ಆದ್ದರಿಂದ ಅದು ಪಶ್ಚಾತ್ತಾಪದ ಮುಖವಲ್ಲ. ಎದುರಿಗೆ ಇರುವವರ ಸಿಟ್ಟನ್ನು ಕಂಡು, ಇನ್ನು ಹೊಡೆಯಬೇಡ ಎಂದು ಬೇಡುವ ಮುಖ. ಬಾಗಿಲು ತೆಗೆದವರು ಇನ್ನೂ ಬಾಯಿ ಬಿಟ್ಟಿರದಿದ್ದರೂ ಅವರ ಉಸಿರು, ನಿಂತ ಭಂಗಿ, ಮುಖ ಎಲ್ಲವೂ ಸಿಟ್ಟನ್ನು ಹೇಳಿಬಿಟ್ಟಿರುತ್ತವೆ. ನೆಲದ ಮೇಲೆ ಚೂರಾದ ಚಪ್ಪಲಿ ಇದ್ದು ಯಜಮಾನ ಒಳಗೆ ಬಂದರೆ ಏಟು ಬೀಳುತ್ತದೆ ಎಂಬುದನ್ನು ನಾಯಿ ಕಲಿತಿರಲೂ ಬಹುದು. ಮಧ್ಯಾಹ್ನ ತಾನು ಕಡಿದದ್ದಕ್ಕೆ ಸಂಜೆ ಈ ಏಟು ಎಂಬ ಲೆಕ್ಕವನ್ನು ಮಾತ್ರ ಅದು ಜೋಡಿಸಿಕೊಳ್ಳುವುದಿಲ್ಲ. ಅದಕ್ಕೆ ಸಿಗುವ ಪಾಠ ಒಂದೇ: ಮನೆಯವರು ಬಾಗಿಲು ತೆಗೆದು ಬರುವ ಹೊತ್ತು ಅಪಾಯದ ಹೊತ್ತು. ಹೀಗೆ ಪೆಟ್ಟು ತಿಂದ ನಾಯಿ ಒಂಟಿಯಾದಾಗ ಇನ್ನಷ್ಟು ಕಳವಳಪಡುತ್ತದೆ. ಕಳವಳಪಡುವ ನಾಯಿ ಇನ್ನೊಂದು ಚಪ್ಪಲಿ ಕಡಿಯುತ್ತದೆ.

ಮಾಡಬೇಕಾದದ್ದು ಸರಳ. ಚಪ್ಪಲಿಯನ್ನು ಗೂಡಿನಲ್ಲಿ ಇಡುವುದು, ಕಡಿಯಲು ಬೇರೆ ಏನಾದರೂ ಕೊಡುವುದು, ಹೊರಗೆ ಹೋಗುವ ಮೊದಲು ಒಂದು ಸುತ್ತು ನಡೆಸಿಕೊಂಡು ಬರುವುದು. ಕಡಿಯುತ್ತಿರುವಾಗಲೇ ಕಣ್ಣಿಗೆ ಬಿದ್ದರೆ ಆಗ “ಬೇಡ” ಎಂದು ತೆಗೆದುಕೊಳ್ಳಬಹುದು. ಆಮೇಲೆ ಬೈದು ಪ್ರಯೋಜನವಿಲ್ಲ.

ಅಂಗಡಿಯ ಚಿಂತೆಯನ್ನು ಮನೆಗೆ ತರುವವರ ವಿಷಯವೂ ಇದೇ. ಬಾಕಿ ಬರಲಿಲ್ಲ, ನೋಟಿಸು ಬಂತು, ಪಾಲುದಾರನ ಜೊತೆ ಮಾತಾಯಿತು ಎಂಬುದು ನಾಯಿಗೆ ತಿಳಿಯದು. ಯಜಮಾನ ಸಿಟ್ಟಿನಲ್ಲಿ ಇದ್ದಾನೆ ಎಂಬುದು ಮಾತ್ರ ತಿಳಿಯುತ್ತದೆ. ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲನ್ನು ಪರೀಕ್ಷಿಸಿದರು. ತಿಂಗಳುಗಟ್ಟಲೆಯ ಒತ್ತಡ ಕೂದಲಿನ ಕಾರ್ಟಿಸಾಲ್‌ನಲ್ಲಿ ದಾಖಲಾಗಿರುತ್ತದೆ. ಒಡತಿಯ ಕೂದಲಿನಲ್ಲಿ ಅದು ಹೆಚ್ಚಿದ್ದರೆ ನಾಯಿಯ ಕೂದಲಿನಲ್ಲೂ ಹೆಚ್ಚಿತ್ತು, ಕಡಿಮೆ ಇದ್ದರೆ ಅಲ್ಲೂ ಕಡಿಮೆ. ಪರೀಕ್ಷಿಸಿದ್ದು ಕುರಿ ಕಾಯುವ ಎರಡು ತಳಿಗಳನ್ನು ಮಾತ್ರ. ಆದರೂ ಮನೆಯ ಒತ್ತಡ ನಾಯಿಯ ಮೈಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಸಿಗುವುದು ಕಷ್ಟ.

ಬಾಲ ಆಡಿಸಿದ ಮಾತ್ರಕ್ಕೆ

ನಾಯಿ ನಮ್ಮನ್ನು ಓದುವಷ್ಟು ಚೆನ್ನಾಗಿ ನಾವು ನಾಯಿಯನ್ನು ಓದುವುದಿಲ್ಲ. ಬಾಲ ಆಡಿಸಿದರೆ ಸಂತೋಷ ಎಂದು ಎಲ್ಲರಿಗೂ ಗೊತ್ತು. ಅದು ಅರ್ಧ ಸತ್ಯ. ಮೈಯೆಲ್ಲ ಸಡಿಲವಾಗಿ, ಸೊಂಟದ ಸಮೇತ ಅಗಲವಾಗಿ ಆಡುವ ಬಾಲ ಸಂತೋಷದ್ದು. ಮೈ ಬಿಗಿಯಾಗಿ, ಬಾಲ ಮೇಲೆತ್ತಿ ಚಿಕ್ಕದಾಗಿ ವೇಗವಾಗಿ ಆಡಿಸುತ್ತಿದ್ದರೆ ಅದು ಉದ್ರೇಕ, ಹತ್ತಿರ ಹೋಗಬಾರದು. ಇಟಲಿಯ ಬಾರಿ ನಗರದ ಸಂಶೋಧಕರು 2007ರಲ್ಲಿ 30 ನಾಯಿಗಳಲ್ಲಿ ಕಂಡಂತೆ, ಯಜಮಾನನನ್ನು ನೋಡಿದಾಗ ಬಾಲ ಬಲಕ್ಕೆ ಹೆಚ್ಚು ವಾಲುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಬರಿಗಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ ಎನ್ನಿ.

ಕಾಣುವಂಥ ಗುರುತುಗಳು ಬೇರೆ ಇವೆ. ನಿದ್ದೆಯ ಹೊತ್ತಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ಮುಖ ಬೇರೆ ಕಡೆ ತಿರುಗಿಸುವುದು, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುವುದು, ಅಲುಗಾಡದೆ ಮರಗಟ್ಟಿದಂತೆ ನಿಲ್ಲುವುದು. ಇವೆಲ್ಲ “ಸಾಕು, ಬಿಡಿ” ಎನ್ನುವ ಮಾತು. ಚಿಕ್ಕ ಮಕ್ಕಳು ನಾಯಿಯ ಕುತ್ತಿಗೆ ತಬ್ಬಿ ಮುಖಕ್ಕೆ ಮುಖ ಒತ್ತಿದಾಗ ಮನೆಯವರು ಫೋಟೊ ತೆಗೆಯುತ್ತಿರುತ್ತಾರೆ. ಅದೇ ಫೋಟೊದಲ್ಲಿ ನಾಯಿಯ ಕಣ್ಣಿನ ಬಿಳಿ ಕಾಣುತ್ತಿರುತ್ತದೆ. ಈ ಗುರುತುಗಳನ್ನು ಯಾರೂ ಕೇಳದಿದ್ದಾಗ ನಾಯಿ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಮುಂದಿನ ಸಲ ಅದು ಗುರ್ ಎನ್ನದೆ ನೇರವಾಗಿ ಕಚ್ಚುತ್ತದೆ. ಎಚ್ಚರಿಕೆಯ ಗಂಟೆಯನ್ನು ಕಿತ್ತು ಹಾಕಿದ ಹಾಗೆ. ಮಗುವನ್ನು ಮೆಲ್ಲಗೆ ಈಚೆ ಕರೆದುಕೊಳ್ಳಬೇಕು, ನಾಯಿಯನ್ನು ಅದರ ಜಾಗಕ್ಕೆ ಹೋಗಲು ಬಿಡಬೇಕು. ಮದುವೆ, ಗೃಹಪ್ರವೇಶ, ವ್ರತದ ಉದ್ಯಾಪನೆಯ ದಿನಗಳಲ್ಲಿ ಮನೆ ತುಂಬ ಹೊಸಬರು, ಮಕ್ಕಳು, ವಾದ್ಯದ ಸದ್ದು ಇರುವಾಗ ನಾಯಿಯನ್ನು ಬೇರೆ ಕೋಣೆಯಲ್ಲಿ ನೀರು, ಹಾಸಿಗೆ ಇಟ್ಟು ಬಿಡುವುದೇ ಲೇಸು. ಬಂದವರಿಗೆಲ್ಲ ನಾಯಿಯನ್ನು ಪರಿಚಯಿಸಬೇಕೆಂದೇನೂ ಇಲ್ಲ.

ಬೀದಿಯ ನಾಯಿ

ಮೇಲಿನ ಪ್ರಯೋಗಗಳೆಲ್ಲ ವಿದೇಶದ ಮನೆನಾಯಿಗಳ ಮೇಲೆ ನಡೆದವು. ನಮ್ಮ ದೇಶದ ಬೀದಿನಾಯಿಗಳ ಬಗ್ಗೆ ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ವರ್ಷಗಳಿಂದ ಕೆಲಸ ಮಾಡುತ್ತಿದೆ. ಯಾರೂ ಸಾಕದ, ಯಾರೂ ಕಲಿಸದ ಈ ನಾಯಿಗಳೂ ಮನುಷ್ಯನ ಉದ್ದೇಶವನ್ನು ಅಂದಾಜು ಮಾಡುತ್ತವೆ ಎಂದು ಅವರು ತೋರಿಸಿದ್ದಾರೆ. ಸ್ನೇಹದ ಸನ್ನೆ ಮಾಡಿದರೆ ಹತ್ತಿರ ಬರುತ್ತವೆ. ಕೋಲು ಎತ್ತಿ ಹೆದರಿಸಿದರೆ ಆಮೇಲೆ ತಿಂಡಿ ಇಟ್ಟರೂ ಬರಲು ಹಿಂಜರಿಯುತ್ತವೆ. 160 ಬೀದಿನಾಯಿಗಳ ಮುಂದೆ ಎರಡು ಮುಚ್ಚಿದ ಬಟ್ಟಲಿಟ್ಟು ಒಂದರ ಕಡೆ ಕೈ ತೋರಿಸಿದಾಗ ಸುಮಾರು ಅರ್ಧದಷ್ಟು ಹೆದರಿ ಹತ್ತಿರ ಬರಲೇ ಇಲ್ಲ. ಬಂದವುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಕೈ ತೋರಿಸಿದ ಬಟ್ಟಲಿಗೇ ಹೋದವು. 2017ರಲ್ಲಿ ಪ್ರಕಟವಾದ ಇನ್ನೊಂದು ಕೆಲಸದಲ್ಲಿ, ಕೆಲವು ದಿನ ಬರೀ ತಿಂಡಿ ಕೊಟ್ಟ ನಾಯಿಗಳಿಗಿಂತ ತಲೆ ಸವರಿದ ನಾಯಿಗಳು ಆ ಅಪರಿಚಿತರನ್ನು ಹೆಚ್ಚು ನಂಬಿದವು. ಬೀದಿಯ ನಾಯಿ ಬಿಸ್ಕತ್ತಿಗೆ ಮಾತ್ರ ಹಿಂದೆ ಬರುತ್ತದೆ ಎಂದುಕೊಂಡವರಿಗೆ ಇದು ಹೊಸ ಸುದ್ದಿ.

ಇದರರ್ಥ ಸಿಕ್ಕ ಸಿಕ್ಕ ನಾಯಿಯ ತಲೆ ಸವರಬೇಕೆಂದಲ್ಲ. ರೇಬಿಸ್ ನಮ್ಮಲ್ಲಿ ಇನ್ನೂ ಇದೆ. ನಸುಕಿನಲ್ಲಿ ಬಸದಿಗೆ, ವಾಯುವಿಹಾರಕ್ಕೆ ಹೋಗುವವರು ಗುಂಪು ನಾಯಿಗಳು ಎದುರಾದರೆ ಓಡಬಾರದು. ಓಡಿದರೆ ಅಟ್ಟಿಸಿಕೊಂಡು ಬರುವುದು ಅವುಗಳ ಹುಟ್ಟುಗುಣ. ಕಣ್ಣಿಗೆ ಕಣ್ಣು ಕೊಟ್ಟು ದಿಟ್ಟಿಸಬಾರದು. ನಿಂತು, ಕೈಗಳನ್ನು ಮೈಗೆ ಒತ್ತಿಕೊಂಡು, ಸ್ವಲ್ಪ ಓರೆಯಾಗಿ ತಿರುಗಿ ನಿಧಾನವಾಗಿ ಸರಿಯಬೇಕು. ಹೆದರಿಕೆಯ ವಾಸನೆಯನ್ನು ಯಾರೂ ಮುಚ್ಚಿಡಲಾರರು, ಕೈಕಾಲಿನ ಗಾಬರಿಯನ್ನು ತಡೆಯಬಹುದು. ಕಚ್ಚಿದರೆ, ಅಥವಾ ಹಲ್ಲು ತಗಲಿ ತರಚಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು. ಸುಣ್ಣ, ಅರಿಶಿನ, ಮೆಣಸಿನ ಪುಡಿ ಹಚ್ಚುವ ಹಳೆಯ ರೂಢಿ ಬೇಡ.

ಸಮನಸ್ಕ ಜೀವ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವಗಳನ್ನು ಮನಸ್ಸು ಉಳ್ಳವು, ಇಲ್ಲದವು ಎಂದು ವಿಂಗಡಿಸಿರುವುದು ಸ್ವಾಧ್ಯಾಯ ಮಾಡುವವರಿಗೆ ಗೊತ್ತು. ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಇರುವ ಜೀವ. ಜೀವಂಧರನ ಕಥೆಯಲ್ಲಿ ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆತ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ಆ ನಾಯಿ ಸುದರ್ಶನ ಯಕ್ಷನಾಗಿ ಹುಟ್ಟಿ ಬಂದು ಕೃತಜ್ಞತೆ ತೋರಿಸುತ್ತದೆ. ವಾದೀಭಸಿಂಹರ ಸಂಸ್ಕೃತ ಕೃತಿಗಳಲ್ಲೂ, ಕನ್ನಡದಲ್ಲಿ ಭಾಸ್ಕರ ಕವಿಯ ಜೀವಂಧರ ಚರಿತೆಯಲ್ಲೂ ಬರುವ ಕಥೆ ಇದು. ಶಾಸ್ತ್ರದ ಮಾತನ್ನು ಎಂಆರ್‌ಐ ಯಂತ್ರ ಸಾಬೀತು ಮಾಡಿತು ಎಂದು ಹೇಳುವ ಚಪಲ ಕೆಲವರಿಗೆ ಇದೆ. ಎರಡರ ದಾರಿ ಬೇರೆ, ಅದರ ಅಗತ್ಯವೂ ಇಲ್ಲ.

ನಾಯಿ ಸಾಕುವ ಮನೆಗಳಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅಹಿಂಸಾಣುವ್ರತದ ಐದು ಅತಿಚಾರಗಳು. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ತಾಳಲಾರದಷ್ಟು ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಎತ್ತು ಕುದುರೆಗಳ ಕಾಲದಲ್ಲಿ ಹೇಳಿದ್ದು ಎಂದು ಪಕ್ಕಕ್ಕೆ ಇಡುವಂತಿಲ್ಲ. ಬೆಳಗಿನಿಂದ ಸಂಜೆಯ ತನಕ ನಾಲ್ಕು ಅಡಿ ಸರಪಳಿಯಲ್ಲಿ ಗೇಟಿನ ಬಳಿ ಕಟ್ಟಿದ ನಾಯಿ ಎಷ್ಟೋ ಮನೆಗಳಲ್ಲಿ ಇದೆ. ಅಂದಕ್ಕೆಂದು ಬಾಲ, ಕಿವಿ ಕತ್ತರಿಸಿದ ಮರಿಗಳನ್ನು ಹಣ ಕೊಟ್ಟು ತರುವವರಿದ್ದಾರೆ. ಕತ್ತರಿಸಿದ ಮೇಲೆ ಆ ನಾಯಿಗೆ ತನ್ನ ಮನಸ್ಸನ್ನು ಬೇರೆ ನಾಯಿಗಳಿಗೆ ಹೇಳುವ ಸಾಧನವೇ ಅರ್ಧ ಹೋಗಿರುತ್ತದೆ.

ದಶಲಕ್ಷಣ, ಪರ್ಯೂಷಣದ ದಿನಗಳಲ್ಲಿ ಮನೆಯ ಹೊತ್ತುಗಳೆಲ್ಲ ಬದಲಾಗುತ್ತವೆ. ಉಪವಾಸ ಮಾಡುವವರ ಉಸಿರಿನ ವಾಸನೆ ಬೇರೆ, ನಡಿಗೆ ನಿಧಾನ, ಮಾತು ಕಡಿಮೆ. ಎಲ್ಲರೂ ಬಸದಿಗೋ ಉಪಾಶ್ರಯಕ್ಕೋ ಹೋಗಿ ಮನೆ ಖಾಲಿ. ಏನೋ ಬದಲಾಗಿದೆ ಎಂದು ನಾಯಿಗೆ ತಿಳಿಯುತ್ತದೆ, ಪರ್ವ ಎಂದು ತಿಳಿಯುವುದಿಲ್ಲ. ಆ ದಿನಗಳಲ್ಲಿ ನಾಯಿಯ ಊಟವನ್ನು ಅದರ ಎಂದಿನ ಹೊತ್ತಿಗೇ ಹಾಕುವುದನ್ನು, ಬೆಳಗ್ಗೆ ಸಂಜೆ ಹೊರಗೆ ಕರೆದೊಯ್ಯುವುದನ್ನು ಮನೆಯ ಒಬ್ಬರು ಹೊತ್ತುಕೊಳ್ಳಬೇಕು. ಮನೆಯಲ್ಲಿ ಸಾವಾದಾಗಲೂ ಹಾಗೆಯೇ. ಬಂದು ಹೋಗುವವರ ನಡುವೆ ನಾಯಿಗೆ ನೀರು ಇಡುವುದನ್ನು ಮರೆಯುವುದು ಸಹಜ. ಪಕ್ಕದ ಮನೆಯವರಿಗೆ ಹೇಳಿದರೆ ಅವರು ನೋಡಿಕೊಳ್ಳುತ್ತಾರೆ.